ಕೈನಸ್ಕೋಪಿನಿಂದ ನೇರಪ್ರಸಾರದ ಚಲನೆ: 1954ರ ಬಾಂಡ್ ನಾಟಕದೊಂದಿಗೆ ನನ್ನ ಅನುಭವ

ಇಯಾನ್ ಫ್ಲೆಮಿಂಗ್ ಅವರ ಕಾದಂಬರಿಯನ್ನು ಆಧರಿಸಿ 1954ರ ಅಕ್ಟೋಬರ್ 21ರಂದು ಸಿಬಿಎಸ್‌ನ 'ಕ್ಲೈಮ್ಯಾಕ್ಸ್!' ಸರಣಿಯಲ್ಲಿ ನೇರವಾಗಿ ಪ್ರಸಾರವಾದ 'ಕ್ಯಾಸಿನೊ ರೊಯಾಲ್' ನಾಟಕ ಇಂದು ಉಳಿದಿರುವುದು ಕೈನಸ್ಕೋಪ್ ರೂಪದಲ್ಲಿ, ಅಂದರೆ ಟಿವಿ ಪರದೆಯನ್ನು ಫಿಲ್ಮ್ ಕ್ಯಾಮೆರಾದಿಂದ ಚಿತ್ರೀಕರಿಸಿದ ಪ್ರತಿಯಾಗಿ. ಸ್ಟುಡಿಯೊದಲ್ಲಿ ಸೆಕೆಂಡಿಗೆ 60 ಫೀಲ್ಡ್‌ಗಳಾಗಿ (ಒಂದು ಬಿಟ್ಟು ಒಂದು ಗೆರೆಯ ಅರ್ಧಚಿತ್ರಗಳಾಗಿ) ಹರಿದ ಚಲನೆ ಫಿಲ್ಮಿನ 24 ಫ್ರೇಮ್‌ಗಳಿಗೆ ಕುಗ್ಗಿರುವುದರಿಂದ, ಬಾಂಡ್ ಪಾತ್ರದ ಬ್ಯಾರಿ ನೆಲ್ಸನ್ ಗುಂಡಿನಿಂದ ತಪ್ಪಿಸಿಕೊಂಡು ಕಂಬದ ಮರೆಗೆ ಸರಿಯುವ ದೃಶ್ಯವೂ ಅಗ್ಗದ ಸಿನಿಮಾದಂತೆ ಕಾಣುತ್ತದೆ. ಅದನ್ನು 60ಕ್ಕೆ ಮರಳಿಸಬಹುದೆಂದು ನಾನು ಹೇಳಿದಾಗ ಬಲ್ಲವರು ಯಾರೂ ಒಪ್ಪಲಿಲ್ಲ. ಬ್ರಿಟಿಷರು 'ಡಾಕ್ಟರ್ ಹೂ' ಕಂತುಗಳಲ್ಲಿ ಇದನ್ನು ಸಾಧಿಸಿದ್ದಾರೆ, ನಿಜ. ಆದರೆ ಅವರದು 25 ಫ್ರೇಮಿಗೆ 50 ಫೀಲ್ಡ್, ಸರಿಯಾಗಿ ಇಮ್ಮಡಿ. ಅಮೆರಿಕದ್ದು ಎರಡೂವರೆ ಪಟ್ಟು, ಅದು ಕೂಡಿಬರುವುದಿಲ್ಲ ಎಂಬುದು ಅವರ ವಾದವಾಗಿತ್ತು.

ಹಣ ಹೋದದ್ದು ಮೊದಲು ಸ್ಕ್ಯಾನಿಂಗಿಗೆ. 16 ಎಂಎಂ ಪ್ರತಿಯನ್ನು ಪಡೆದ ಪ್ರಯೋಗಾಲಯವೊಂದು ಸುಮಾರು ನಾನೂರು ಡಾಲರ್ ತೆಗೆದುಕೊಂಡು, ನಾನು ಕೇಳದಿದ್ದರೂ ಗ್ರೇನ್ (ಫಿಲ್ಮಿನ ಸಣ್ಣ ಕಣಗಳ ಗುರುತು) ಒರೆಸಿ, ಚಿತ್ರವನ್ನು ನುಣ್ಣಗೆ ಮಾಡಿ ಕಳುಹಿಸಿತು. ನನಗೆ ಬೇಕಾಗಿದ್ದ ಗುರುತೇ (ಮುಂದೆ ಹೇಳುವ ಅಡ್ಡಗೆರೆ) ಅದರಲ್ಲಿ ಅಳಿಸಿಹೋಗಿತ್ತು. ಬೇರೆ ಕಡೆ ಮತ್ತೆ ಸ್ಕ್ಯಾನ್ ಮಾಡಿಸಿ, ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳುವ ಹೊತ್ತಿಗೆ ಎರಡು ಸಾವಿರ ಡಾಲರ್ ಹತ್ತಿರ ಕರಗಿತ್ತು. ಆ ಮೇಲೂ, ನಡುವಿನ ಚಲನೆಯನ್ನು ಊಹಿಸಿ ತುಂಬುವ ಸಿದ್ಧ ತಂತ್ರಾಂಶಗಳು ಖಳನಾಯಕನ ಪಾತ್ರದ ಪೀಟರ್ ಲೋರೆ ಇಸ್ಪೀಟೆಲೆ ಹಿಡಿದ ಕೈಯನ್ನು ಮೇಣದಂತೆ ಕರಗಿಸಿ, ಬೆರಳುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತಿದ್ದವು.

ಉತ್ತರ ಸಿಕ್ಕಿದ್ದು ಎಲ್ಲರೂ ದೋಷವೆಂದು ಅಳಿಸುವ ಅಡ್ಡಗೆರೆಯಲ್ಲಿ. ಕೈನಸ್ಕೋಪ್ ಕ್ಯಾಮೆರಾದ ಶಟರ್ ಪ್ರತಿ ಸುತ್ತಿನ 360 ಡಿಗ್ರಿಯಲ್ಲಿ 72 ಡಿಗ್ರಿ, ಅಂದರೆ ಅರ್ಧ ಫೀಲ್ಡಿನಷ್ಟು ಹೊತ್ತು, ಮುಚ್ಚಿದ್ದು, ಉಳಿದ ಹೊತ್ತಿನಲ್ಲಿ ಪ್ರತಿ ಫ್ರೇಮೂ ಎರಡು ಫೀಲ್ಡ್‌ಗಳಷ್ಟು ಚಿತ್ರವನ್ನು ಹಿಡಿಯುತ್ತದೆ. ಹೀಗಾಗಿ ಒಂದು ಫ್ರೇಮ್ ಫೀಲ್ಡಿನ ಮೇಲ್ತುದಿಯಿಂದ ಆರಂಭವಾದರೆ ಮುಂದಿನದು ನಡುವಿನಿಂದ ಆರಂಭವಾಗುತ್ತದೆ. ಈ ಎರಡನೆಯದರಲ್ಲಿ ಆ ನಡುವಿನ ಜೋಡಣೆಯೇ ಅಡ್ಡಗೆರೆಯಾಗಿ ಕಾಣುತ್ತದೆ; ಗೆರೆಯ ಕೆಳಗಿನ ಭಾಗ ಮೇಲಿನದಕ್ಕಿಂತ ಒಂದು ಫೀಲ್ಡ್ ಹಳೆಯದು. ಫ್ರೇಮನ್ನು ಒಂದೇ ಕ್ಷಣದ ಚಿತ್ರವೆಂದು ನಂಬುವ ತಂತ್ರಾಂಶ ಎಡವುವುದೇ ಇಲ್ಲಿ. ನಾನು ಅಂತಹ ಪ್ರತಿ ಫ್ರೇಮನ್ನೂ ಗೆರೆಯಲ್ಲಿ ಸೀಳಿ, ಎರಡು ತುಂಡುಗಳಿಗೂ ಬೇರೆ ಬೇರೆ ಕಾಲ ಕೊಟ್ಟು, ಆಮೇಲೆಯೇ ಚಲನೆಯನ್ನು ಲೆಕ್ಕ ಹಾಕಿಸಿದೆ. ಎರಡು ಫ್ರೇಮಿಗೆ ಐದು ಫೀಲ್ಡ್ ಚೊಕ್ಕವಾಗಿ ಕೂಡಿಬಂದವು. ಮಸುಕಾದ ದೃಶ್ಯಗಳಲ್ಲಿ ಗೆರೆಯ ಜಾಗವನ್ನು ಹುಡುಕುವ ಲೆಕ್ಕವನ್ನೂ, ಸೀಳನ್ನು ಮತ್ತೆ ಬೆಸೆಯುವ ಅಳತೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಧ್ವನಿಯ ಮೇಲೂ ಕೆಲವು ವಾರ ಕಳೆದೆ. 60 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನು ಪೂರ್ತಿ ಕತ್ತರಿಸಿದರೆ ಲೋರೆಯ ಮೆಲುದನಿಯ ಬೆದರಿಕೆಯ ತೂಕವೂ ಇಳಿಯುತ್ತದೆ. ಅರ್ಧದಷ್ಟು ತಗ್ಗಿಸಿ ಬಿಡುವುದೇ ಲೇಸು.

ಈಗ ಬ್ಯಾಕರಾ ಮೇಜಿನ ದೃಶ್ಯದಲ್ಲಿ ಎಲೆಗಳು ಜಾರುವುದು, ಕ್ಯಾಮೆರಾ ಗಾಲಿಗಳ ಮೇಲೆ ಸಣ್ಣಗೆ ನಡುಗುತ್ತ ಮುಂದೆ ಬರುವುದು ಎಲ್ಲವೂ ಸ್ಪಷ್ಟ. ಅನುಮಾನಿಸಿದವರಲ್ಲಿ ಒಬ್ಬರು ತಮ್ಮ ಸಂಗ್ರಹದ ರೀಲನ್ನೇ ನನಗೆ ಕಳುಹಿಸಿದ್ದಾರೆ. ಸ್ನಾನದ ತೊಟ್ಟಿಯಲ್ಲಿ ಬಾಂಡ್‌ನನ್ನು ಹಿಂಸಿಸುವ ದೃಶ್ಯ ಮಾತ್ರ ಇನ್ನೂ ಹಟ ಹಿಡಿದಿದೆ: ಅಲ್ಲಿ ನೆರಳಿನ ಗ್ರೇನ್ ಚಲನೆಯೆಂದೇ ಲೆಕ್ಕಕ್ಕೆ ಬರುತ್ತಿದೆ.