ಮೈ ನೋವಿದ್ದರೂ ಮರಗೆಲಸ ಬಿಡದಿರಲು ಏನು ಮಾಡಬೇಕು

ಕೆತ್ತುವಾಗ ಹೆಬ್ಬೆರಳಿನ ಬುಡದಲ್ಲಿ ಚುಳ್ ಅಂದರೆ ಉಳಿ ಕೆಳಗಿಡಿ. ಆದರೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಬೇಡಿ. ನನಗೀಗ 66. ಶಿರಸಿ ಹತ್ತಿರದ ಹಳ್ಳಿ, ಸ್ವಲ್ಪ ಅಡಿಕೆ ತೋಟ, ದನ ಇಲ್ಲದ ಹಳೆ ಕೊಟ್ಟಿಗೆಯಲ್ಲಿ ನನ್ನ ಮರಗೆಲಸ. ಬೆನ್ನು, ಮಂಡಿ, ಕೈ ಮೂರೂ ಒಟ್ಟಿಗೆ ಕಾಡಿದ ವರ್ಷ ನಾನೂ ಎಲ್ಲ ಬಿಟ್ಟುಬಿಡುವ ಯೋಚನೆ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಬದಲಾಗಬೇಕಾದದ್ದು ಕೊಟ್ಟಿಗೆ.

ಮೊದಲು ನೆಲ ಬಿಟ್ಟು ಏಳಿ. ನಮ್ಮ ಕಡೆಯ ಗುಡಿಗಾರರು ನೆಲದ ಮೇಲೆ ಕೂತೇ ಶ್ರೀಗಂಧದಲ್ಲಿ ಎಂಥ ಸಣ್ಣ ಬಳ್ಳಿ, ಹೂವು ಬಿಡಿಸುತ್ತಾರೆ! ಅದನ್ನು ನೋಡುತ್ತ ಬೆಳೆದದ್ದರಿಂದ ಕೆತ್ತನೆ ಅಂದರೆ ನೆಲದಲ್ಲೇ ಆಗಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಅವರ ಮೈ ಚಿಕ್ಕಂದಿನಿಂದ ಅದಕ್ಕೆ ಪಳಗಿದೆ. ನಿವೃತ್ತಿ ಆದಮೇಲೆ ಉಳಿ ಹಿಡಿದವರ ಮೈ ಹಾಗಲ್ಲ, ಅಲ್ವಾ? ಬೆಂಚು ಮಾಡಿಸಿಕೊಳ್ಳಿ, ಎತ್ತರ ಮಾತ್ರ ಅಂಗಡಿಯವರು ಹೇಳಿದ್ದಲ್ಲ, ನಿಮ್ಮ ಮೈ ಹೇಳಿದ್ದು. ನೇರ ನಿಂತು ಕೈ ಇಳಿಬಿಡಿ. ಮಣಿಕಟ್ಟು ಎಲ್ಲಿ ಬರುತ್ತದೋ ಅದು ಮರ ಹೆರೆದು ನುಣುಪು ಮಾಡುವ ಕೀಸುಳಿ ಕೆಲಸದ ಎತ್ತರ, ಯಾಕೆಂದರೆ ಅಲ್ಲಿ ತೋಳಿನ ಬದಲು ಮೈಭಾರವೇ ಕೀಸುಳಿಯನ್ನು ದೂಡುತ್ತದೆ. ಕೆತ್ತನೆಗೆ ಮೊಣಕೈ ಎತ್ತರ ಬೇಕು, ಇಲ್ಲವಾದರೆ ಕುತ್ತಿಗೆ ಬಗ್ಗಿಯೇ ಇರುತ್ತದೆ. ಇದಕ್ಕೆ ಎರಡು ಬೆಂಚು ಬೇಡ. ನಾನು 5 ಅಡಿ 5 ಇಂಚು, ನನ್ನ ಬೆಂಚು 31 ಇಂಚು. ಕೆತ್ತುವಾಗ ಅದರ ಮೇಲೆ 9 ಇಂಚಿನ ಗಟ್ಟಿ ಪೆಟ್ಟಿಗೆ ಇಟ್ಟು ಕ್ಲ್ಯಾಂಪ್ ಹಾಕುತ್ತೇನೆ. ಮೂರು ವರ್ಷದ ಕುತ್ತಿಗೆ ನೋವು ಆ ಒಂದು ಪೆಟ್ಟಿಗೆಯಿಂದಲೇ ಎಷ್ಟೋ ಇಳಿಯಿತು.

ಕಾಲಡಿಗೆ ಕೊಟ್ಟಿಗೆಗೆ ಹಾಸುವ ರಬ್ಬರ್ ಕೌ ಮ್ಯಾಟ್ ಹಾಸಿ. ಸಿಮೆಂಟ್ ನೆಲದಲ್ಲಿ ಬರಿಗಾಲಲ್ಲಿ ನಿಂತರೆ ಸಂಜೆ ಮಂಡಿ ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಒಂದು ಮಣೆ ಇರಲಿ, ಆಗಾಗ ಒಂದೊಂದು ಕಾಲು ಅದರ ಮೇಲಿಡಿ, ಸೊಂಟಕ್ಕೆ ಹಗುರ. ಸಕ್ಕರೆ ಕಾಯಿಲೆ ಇದ್ದವರು ಚಪ್ಪಲಿಯಲ್ಲ, ಶೂ ಹಾಕಿ. ಪಾದ ಜೋಮು ಹಿಡಿದಿದ್ದರೆ ಚೂರು ಚುಚ್ಚಿದ್ದೂ ತಿಳಿಯುವುದಿಲ್ಲ.

ಇನ್ನು ಕೈ. ಕೈ ನೋವಿಗೆ ದೊಡ್ಡ ಕಾರಣ ಮೊಂಡು ಉಳಿ. ಮೊಂಡಾದಷ್ಟೂ ಬಿಗಿಯಾಗಿ ಹಿಡಿಯುತ್ತೇವೆ, ಬಿಗಿ ಹಿಡಿದಷ್ಟೂ ಹೆಬ್ಬೆರಳಿನ ಬುಡದ ಕೀಲಿಗೆ ಪೆಟ್ಟು. ನೋವು ಬಂದಾಗ ಸುಮ್ನೆ ಒತ್ತುವ ಬದಲು ಎದ್ದು ಸಾಣೆ ಹಿಡಿಯಿರಿ, ಉಳಿಯೂ ಹರಿತವಾಗುತ್ತದೆ, ಕೈಯ ಹಿಡಿತವೂ ಬದಲಾಗುತ್ತದೆ. ತೆಳು ಹಿಡಿಗಳಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ; ದಪ್ಪ ಹಿಡಿಗೆ ಬೆರಳು ಜಾಸ್ತಿ ಮುಚ್ಚಬೇಕಿಲ್ಲ, ಅಷ್ಟೇ ಗುಟ್ಟು. ಗರಗಸದ ಅಲಗಿಗೆ ಮೇಣದಬತ್ತಿ ಉಜ್ಜಿ. ಮರವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕೆತ್ತುವ ಅಭ್ಯಾಸ ಬಿಡಿ, ಹಿಡಿಯುವ ಕೆಲಸ ವೈಸ್‌ಗೆ ಇರಲಿ. ಮತ್ತಿಯಂಥ ಗಡಸು ಮರದ ಹಟವೂ ಬೇಡ, ಶಿವಣೆ ತನ್ನಿ. ಹಗುರ, ಉಳಿಗೆ ಒಗ್ಗುತ್ತದೆ, ನೋಡಲೂ ಚೆಂದ. ಸ್ಯಾಂಡಿಂಗ್ ಮಷಿನ್ ಹಿಡಿದ ಮೇಲೆ ಬೆರಳು ಜುಮುಜುಮು ಅನ್ನುತ್ತಿದ್ದರೆ ಅದು ನಡುಗುವಿಕೆಯ ಪೆಟ್ಟು, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಹಾಗಾಗಿ ಎನ್95 ಮಾಸ್ಕ್ ತಪ್ಪಿಸಬೇಡಿ.

ಕಣ್ಣಿನ ವಿಷಯ ನಾನು ತಡವಾಗಿ ಕಲಿತೆ. ಓದುವ ಕನ್ನಡಕ ಸುಮಾರು 40 ಸೆಂಟಿಮೀಟರ್ ದೂರಕ್ಕೆ, ಬೆಂಚಿನ ಕೆಲಸ ಇರುವುದು ಅದಕ್ಕಿಂತ ದೂರದಲ್ಲಿ. ಗೆರೆ ಕಾಣಲಿ ಅಂತ ನಾವೇ ಬಗ್ಗುತ್ತೇವೆ, ಬೆನ್ನು ನೋವು ಅಂತ ಎಣ್ಣೆ ಹಚ್ಚುತ್ತೇವೆ! ಟೇಪಿನಲ್ಲಿ ಕಣ್ಣಿನಿಂದ ಮರಕ್ಕೆ ಅಳೆದು, ಆ ಅಳತೆ ಹೇಳಿ ಬೇರೆ ಕನ್ನಡಕ ಮಾಡಿಸಿ. ಬಲಗೈಯವರಿಗೆ ದೀಪ ಎಡಗಡೆಯಿಂದ ಬೀಳಲಿ. ಮಳೆಗಾಲದಲ್ಲಿ ಕರೆಂಟ್ ಹೋದ ತಕ್ಷಣ ಮಷಿನ್ನಿನ ಸ್ವಿಚ್ ಆರಿಸಿ, ಆಮೇಲೆ ಟಾರ್ಚ್ ಹುಡುಕಿ. ಮರೆತರೆ ಕರೆಂಟ್ ಬಂದಾಗ ಅಲಗು ತಾನಾಗಿ ತಿರುಗಲು ಶುರು ಮಾಡುತ್ತದೆ.

ಹೊತ್ತಿನ ಲೆಕ್ಕ ಇಡಿ. ಬೆಳಿಗ್ಗೆ ಎದ್ದ ಕೂಡಲೇ ಬೇಡ. ಕೈ ಐದು ನಿಮಿಷ ಬಿಸಿನೀರಲ್ಲಿಟ್ಟು ಶುರು ಮಾಡಿ, 25 ನಿಮಿಷಕ್ಕೆ ಮೊಬೈಲ್ ಅಲಾರಂ ಇಡಿ, ಅದು ಕೂಗಿದಾಗ ಅಂಗಳಕ್ಕೊಂದು ಸುತ್ತು ಹೋಗಿ ಬನ್ನಿ. ಕೆಲಸ ಕುದುರಿದಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ, ಆದರೂ ನಿಲ್ಲಿಸಿ.

ಎಲ್ಲ ನೋವೂ ವಯಸ್ಸಿನದ್ದಲ್ಲ. ಬೆಳಗಿನ ಬಿಗಿತ ದಿನವೂ ಒಂದು ಗಂಟೆ ಬಿಡದಿದ್ದರೆ, ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಎದೆ ಅದುಮಿದ ಹಾಗಾಗಿ ಎಡತೋಳು ನೋಯುತ್ತಿದ್ದರೆ ಗರಗಸದ ಸುಸ್ತು ಅಂತ ಮಲಗಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನೀವೇ ತಂದು ದಿನಾ ನುಂಗಬೇಡಿ, ಬಿಪಿ ಇದ್ದವರಂತೂ ಬೇಡವೇ ಬೇಡ, ಕಿಡ್ನಿಗೂ ಹೊಟ್ಟೆಗೂ ಪೆಟ್ಟು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಬ್ಯಾಂಡೇಜನ್ನು ಬೆಂಚಿನ ಮೇಲೇ ಇಟ್ಟುಕೊಳ್ಳಿ.

ಒಡೆದ ಅಂಗೈಗೆ ನಮ್ಮ ಮುರುಗಲು (ಕೋಕಂ) ಬೀಜದ ತುಪ್ಪವೇ ಸಾಕು. ರಾತ್ರಿ ಮಲಗುವಾಗ ಹಚ್ಚಿ, ಕೆಲಸಕ್ಕೆ ಮುಂಚೆ ಬೇಡ, ಉಳಿಯ ಹಿಡಿ ಜಾರುತ್ತದೆ.