ಏಳನೆಯ ಲ್ಯಾಪಿನಲ್ಲಿ ಆಳಕ್ಕಿಳಿದ ಬ್ರೇಕ್ ಪೆಡಲ್

ಹೊಸ ಕಾರಿನ ಟ್ರ್ಯಾಕ್ ಪರೀಕ್ಷೆ ಶುರುವಾಗುವ ಹಿಂದಿನ ವಾರ ನನ್ನ ಮೇಜಿನ ಮೇಲೆ ಎರಡು ಕಡತಗಳಿದ್ದವು. ಒಂದರಲ್ಲಿ ಕಾರಿನ ಬಿಡಿಭಾಗಗಳ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದೆವು. ಇನ್ನೊಂದರಲ್ಲಿ, ಮುಂಗಡ ಕೊಟ್ಟು ಕಾರನ್ನು ಕಾದಿರಿಸಿದವರು ತಮಗೆ ಏನೇನು ಬೇಕೆಂದು ಬರೆದು ಕಳಿಸಿದ್ದ ಪತ್ರಗಳಿದ್ದವು. ಕಾರು 900 ಕಿಲೋಗ್ರಾಂ ದಾಟಕೂಡದು ಎಂದು ಬರೆದವರೇ ಎಸಿ ಇರಬೇಕು, ಒಳ್ಳೆಯ ಸ್ಪೀಕರ್ ಇರಬೇಕು, ಇಬ್ಬರು ನಾಲ್ಕು ದಿನ ಹೊರಗೆ ಹೋಗಿಬರುವಷ್ಟು ಸಾಮಾನು ಹಿಡಿಸಬೇಕು ಎಂದೂ ಬರೆದಿದ್ದರು. ಆ ಪತ್ರಗಳನ್ನು ನಾನು ಮೂರು ಸಲ ಓದಿದೆ. ಅದರಲ್ಲಿ ಯಾರೊಬ್ಬರೂ ಬ್ರೇಕ್ ದ್ರವದ ಮಾತೆತ್ತಿರಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೇ.

ನಾನು ಚಿಕ್ಕ ಸಂಸ್ಥೆಯೊಂದರಲ್ಲಿ ಚಾಸಿ, ಅಂದರೆ ಕಾರಿನ ಚೌಕಟ್ಟಿನ ವಿಭಾಗದ ಎಂಜಿನಿಯರ್. ಅಳೆಯುವ ಕೆಲಸವೂ ನನ್ನದೇ, ಬಹುಪಾಲು ಓಡಿಸುವ ಕೆಲಸವೂ ನನ್ನದೇ. ನಮ್ಮ ಕಾರು ಎರಡು ಆಸನದ್ದು. ಎಂಜಿನ್ ಆಸನಗಳ ಹಿಂದೆ, ಹಿಂದಿನ ಅಚ್ಚಿಗಿಂತ ಮುಂದೆ ಕುಳಿತಿರುತ್ತದೆ. ಇಂಥ ಕಾರನ್ನು ಕೊಳ್ಳುವವರು ಏನೂ ತಿಳಿಯದೆ ಬರುವುದಿಲ್ಲ. ಅವರ ಮನಸ್ಸಿನಲ್ಲಿ ಆಗಲೇ ಒಂದು ಅಳತೆಗೋಲು ಇರುತ್ತದೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರನ್ನು ವರ್ಷಗಟ್ಟಲೆ ಓಡಿಸಿದವರಿಗೆ ಗೇರ್ ಬದಲಾಯಿಸುವ ಸುಖವೇ ಮೊದಲ ಅಳತೆ. 1996ರಲ್ಲಿ ಮಾರಾಟಕ್ಕೆ ಬಂದ ಲೋಟಸ್ ಎಲೀಸ್ ಸುಮಾರು 725 ಕಿಲೋಗ್ರಾಂ ತೂಗುತ್ತಿತ್ತು. ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ಅದರ ಚಾಸಿಯ ತೂಕ 70 ಕಿಲೋಗ್ರಾಂ ಕೂಡ ಇರಲಿಲ್ಲ. ಅದನ್ನು ಓಡಿಸಿದವರಿಗೆ ಪವರ್ ಸ್ಟಿಯರಿಂಗ್ ಇಲ್ಲದ ಚಕ್ರದಲ್ಲಿ ರಸ್ತೆಯ ಹರಳು ಕೂಡ ಕೈಗೆ ತಿಳಿಯಬೇಕು. 2017ರ ಆಲ್ಪೀನ್ ಎ110 ಓಡಿಸಿದವರು ಮಾತ್ರ, ಹಗುರ ಕಾರು ಮೆತ್ತಗೂ ಇರಬಹುದು ಎಂದು ಕಂಡವರು. 1,100 ಕಿಲೋಗ್ರಾಂ ಆಸುಪಾಸಿನ ಆ ಕಾರು ಉಬ್ಬುತಗ್ಗನ್ನು ನುಂಗಿಕೊಂಡು ಹೋಗುವ ಬಗೆ ನಮಗೂ ಒಂದು ಪಾಠವಾಗಿತ್ತು. ಈ ಮೂರು ಬಗೆಯ ಜನರೂ ನಮ್ಮ ಪಟ್ಟಿಯಲ್ಲಿದ್ದರು.

ತೂಕದ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾಲೀಕರ ನಿರಾಸೆ ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತದೆ. ಎಣ್ಣೆ, ನೀರು, ಪೆಟ್ರೋಲ್ ಯಾವುದೂ ಇಲ್ಲದೆ ತೂಗಿದ ಒಣ ತೂಕ ಒಂದು. ಯುರೋಪಿನ ನಿಯಮದ ಪ್ರಕಾರ 75 ಕಿಲೋಗ್ರಾಮಿನ ಚಾಲಕನನ್ನೂ ಶೇಕಡ 90ರಷ್ಟು ತುಂಬಿದ ಟ್ಯಾಂಕನ್ನೂ ಸೇರಿಸಿ ಲೆಕ್ಕ ಹಾಕುವ ತೂಕ ಇನ್ನೊಂದು. ಒಂದೇ ಕಾರಿನ ಈ ಎರಡು ಅಂಕಿಗಳ ನಡುವೆ 100 ಕಿಲೋಗ್ರಾಮಿಗೂ ಮಿಕ್ಕಿದ ಅಂತರ ಸುಲಭವಾಗಿ ಬರುತ್ತದೆ. ಒಣ ತೂಕವನ್ನು ಜಾಹೀರಾತಿನಲ್ಲಿ ಹಾಕುವುದು ಸರಿಯಲ್ಲ ಎಂದು ನಾನು ಸಂಸ್ಥೆಯಲ್ಲಿ ಹಟ ಹಿಡಿದೆ. ಎಣ್ಣೆಯಿಲ್ಲದ ಕಾರನ್ನು ಯಾರೂ ಓಡಿಸುವುದಿಲ್ಲ. ಕೊನೆಗೆ ದ್ರವಗಳೆಲ್ಲ ತುಂಬಿದ, ಟ್ಯಾಂಕ್ ಭರ್ತಿಯಾದ ಕಾರಿನ ತೂಕವನ್ನೇ ಅಚ್ಚು ಹಾಕಿಸಿದೆವು. 900ರ ಒಳಗೇ ಇದ್ದೆವು, ಆದರೆ ಎಸಿ ಹಾಕಿಸಿಕೊಂಡರೆ ಆ ಗೆರೆ ದಾಟುತ್ತದೆ ಎಂಬುದನ್ನೂ ಅದರ ಕೆಳಗೇ ಬರೆದೆವು.

ಟ್ರ್ಯಾಕಿಗೆ ಇಳಿಸುವ ಮುನ್ನ ನಾಲ್ಕು ಚಕ್ರಗಳ ಅಡಿಯಲ್ಲಿ ನಾಲ್ಕು ತಕ್ಕಡಿ ಇಟ್ಟು ಕಾರನ್ನು ತೂಗುತ್ತೇವೆ. ಭಾರದ ಕಾರಿನಲ್ಲಿ ಇದು ವಾಡಿಕೆಯ ಕೆಲಸ, ಹಗುರ ಕಾರಿನಲ್ಲಿ ಅರ್ಧ ಪರೀಕ್ಷೆಯೇ ಇದು. 1,800 ಕಿಲೋಗ್ರಾಮಿನ ಕಾರಿಗೆ 80 ಕಿಲೋಗ್ರಾಮಿನ ಮನುಷ್ಯ ನೂರಕ್ಕೆ ನಾಲ್ಕೂವರೆ ಪಾಲು ಕೂಡ ಅಲ್ಲ. ನಮ್ಮ ಕಾರಿಗೆ ಅವನು ನೂರಕ್ಕೆ ಒಂಬತ್ತು ಪಾಲು. ಆಸನದಲ್ಲಿ ಮರಳಿನ ಚೀಲ ಇಟ್ಟಾಗ ಮತ್ತು ತೆಗೆದಾಗ ಎದುರುಬದುರಿನ ಮೂಲೆಗಳ ತೂಕ ಬದಲಾಗುವುದನ್ನು ಕಣ್ಣಾರೆ ಕಂಡರೆ, ಪಕ್ಕದಲ್ಲಿ ಇನ್ನೊಬ್ಬರು ಕುಳಿತಾಗ ಕಾರು ಬೇರೆಯೇ ಆಗಿಬಿಡುತ್ತದೆ ಎಂದು ಮಾಲೀಕರು ಹೇಳುವುದು ಏಕೆಂದು ಗೊತ್ತಾಗುತ್ತದೆ. ಹೀಗಾಗಿ ಪ್ರತಿಯೊಂದು ಹೊಂದಾಣಿಕೆಯನ್ನೂ ನಾನು ಎರಡು ಸಲ ಪರೀಕ್ಷಿಸಿದೆ, ಒಬ್ಬನೇ ಕುಳಿತು ಒಮ್ಮೆ, ಪಕ್ಕದ ಆಸನಕ್ಕೆ 75 ಕಿಲೋಗ್ರಾಂ ಚೀಲ ಕಟ್ಟಿಕೊಂಡು ಮತ್ತೊಮ್ಮೆ.

ಈಗ ಬ್ರೇಕಿನ ವಿಷಯ. ಕಾರು ಹಗುರವಾಗಿದ್ದರೆ ಬ್ರೇಕ್ ಸೋಲುವುದಿಲ್ಲ ಎಂದು ಕೊಳ್ಳುವವರು ನಂಬಿರುತ್ತಾರೆ, ಆ ನಂಬಿಕೆಗೆ ಆಧಾರವೂ ಉಂಟು. ಚಾಲಕನೂ ಸೇರಿ 980 ಕಿಲೋಗ್ರಾಂ ತೂಗುವ ಕಾರನ್ನು ಗಂಟೆಗೆ 200 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸುವಾಗ ಹೆಚ್ಚುಕಡಿಮೆ 13 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು. 1,780 ಕಿಲೋಗ್ರಾಂ ತೂಗುವ ಕಾರಿಗೆ ಅದೇ ಕೆಲಸಕ್ಕೆ 23 ಲಕ್ಷ ಜೂಲ್ ಆಗುತ್ತದೆ. ಆದರೆ ವಿನ್ಯಾಸ ಮಾಡುವವರಿಗೂ ಈ ಲೆಕ್ಕ ಗೊತ್ತಿರುತ್ತದೆ, ಹಾಗಾಗಿ ಅವರು ಚಕ್ರದೊಡನೆ ತಿರುಗುವ ಬ್ರೇಕ್ ಡಿಸ್ಕನ್ನು ಚಿಕ್ಕದು ಮಾಡುತ್ತಾರೆ, ಪ್ಯಾಡುಗಳಿಂದ ಅದನ್ನು ಅಮುಕಿ ಹಿಡಿಯುವ ಕ್ಯಾಲಿಪರನ್ನು ಹಗುರ ಮಾಡುತ್ತಾರೆ. ತೂಕ ಇಳಿಸಿ ಗಳಿಸಿದ ಲಾಭವನ್ನು ಇನ್ನಷ್ಟು ತೂಕ ಇಳಿಸುವುದಕ್ಕೇ ಖರ್ಚು ಮಾಡಿದ ಹಾಗಾಯಿತು. ನಾವೂ ಅದನ್ನೇ ಮಾಡಿದ್ದೆವು.

ಮೊದಲ ಎರಡು ದಿನದ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಇಪ್ಪತ್ತು ಲ್ಯಾಪ್ ಬಿಡುವಿಲ್ಲದೆ ಓಡಿಸಿದರೂ ಪೆಡಲ್ ಮೊದಲಿನಷ್ಟೇ ಗಟ್ಟಿಯಾಗಿತ್ತು. ಎರಡನೆಯ ದಿನದ ಸಂಜೆ ನನ್ನನ್ನು ಕಾಡಿದ ಪ್ರಶ್ನೆ ಇದು: ಈ ಕಾರಿಗೆ ನಾವು ಬೆಳಗ್ಗೆಯಷ್ಟೇ ಹೊಸ ಬ್ರೇಕ್ ದ್ರವ ತುಂಬಿದ್ದೇವೆ, ಕೊಳ್ಳುವವರಲ್ಲಿ ಎಷ್ಟು ಜನ ಟ್ರ್ಯಾಕಿಗೆ ಹೋಗುವ ಬೆಳಗ್ಗೆ ಹೊಸ ದ್ರವ ತುಂಬಿಸುತ್ತಾರೆ? ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಬ್ರೇಕ್ ದ್ರವ; ಅದು ಕುದಿದರೆ ಒತ್ತಡವೆಲ್ಲ ಆವಿಯ ಗುಳ್ಳೆಗಳನ್ನು ಅಮುಕುವುದರಲ್ಲೇ ಕಳೆದುಹೋಗಿ ಪೆಡಲ್ ಆಳಕ್ಕಿಳಿಯುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ ಎಂಬುದು ಮಾನದಂಡದಲ್ಲೇ ಇದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ರಸ್ತೆಯಲ್ಲಿ ಓಡಿದ್ದ ಇದೇ ಕಾರಿನ ಇನ್ನೊಂದು ಪರೀಕ್ಷಾ ಪ್ರತಿಯನ್ನು, ದ್ರವ ಬದಲಿಸದೆ, ಮೂರನೆಯ ದಿನ ಟ್ರ್ಯಾಕಿಗೆ ತರಿಸಿದೆ.

ಆರು ಲ್ಯಾಪ್ ಚೆನ್ನಾಗಿಯೇ ಹೋಯಿತು. ಏಳನೆಯ ಲ್ಯಾಪಿನಲ್ಲಿ, ಉದ್ದನೆಯ ನೇರದಾರಿಯ ಕೊನೆಯಲ್ಲಿ ಕಾಲಿಟ್ಟಾಗ ಪೆಡಲ್ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಒದ್ದೆ ಹತ್ತಿಯನ್ನು ತುಳಿದ ಹಾಗೆ ಕೆಳಗಿಳಿಯುತ್ತಲೇ ಹೋಯಿತು. ಕಾಲೆತ್ತಿ ಬೇಗಬೇಗನೆ ಎರಡು ಸಲ ತುಳಿದೆ. ಮೂರನೆಯ ತುಳಿತಕ್ಕೆ ಪೆಡಲ್ ಮೇಲೆ ಬಂತು, ಕಾರು ನಿಧಾನವಾಯಿತು, ತಿರುವಿನ ಹೊರ ಅಂಚಿನ ಕೆಂಪು ಬಿಳಿ ಪಟ್ಟಿಯನ್ನು ಮುಟ್ಟಿ ಒಳಗೆ ಬಂತು. ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ತಣ್ಣಗೆ ಓಡಿಸಿ, ಟ್ರ್ಯಾಕಿನ ಬದಿಯ ಪಿಟ್‌ನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ, ಚಕ್ರಕ್ಕೆ ಅಡೆಕಲ್ಲು ಕೊಟ್ಟು ನಿಲ್ಲಿಸಿದೆವು. ನಿಂತು ಐದು ನಿಮಿಷವಾದ ಮೇಲೆ ಪೆಡಲ್ ಪೂರ್ತಿ ನೆಲಕ್ಕೆ ಹೋಯಿತು, ಏಕೆಂದರೆ ಕಾರು ನಿಂತ ಕೂಡಲೇ ಗಾಳಿ ನಿಲ್ಲುತ್ತದೆ, ಡಿಸ್ಕಿನ ಕಾವೆಲ್ಲ ಕ್ಯಾಲಿಪರಿಗೆ ಏರುತ್ತದೆ. ಕ್ಯಾಲಿಪರಿಗೆ ಅಂಟಿಸಿದ್ದ, ಶಾಖಕ್ಕೆ ಕಪ್ಪಾಗುವ ಚೀಟಿಯಲ್ಲಿ 199 ಡಿಗ್ರಿಯ ಚೌಕ ಕಪ್ಪಾಗಿತ್ತು, 210ರದ್ದು ಬಿಳಿಯಾಗಿಯೇ ಉಳಿದಿತ್ತು. ಆ ಕಾರಿನಿಂದ ತೆಗೆದ ದ್ರವವನ್ನು ಪರೀಕ್ಷಿಸಿದರೆ 190 ಡಿಗ್ರಿಗೂ ಮೊದಲೇ ಕುದಿಯಿತು. ಹೊಸ ದ್ರವ ಇದೇ ಶಾಖವನ್ನು ಎರಡು ದಿನ ಸದ್ದಿಲ್ಲದೆ ತಡೆದುಕೊಂಡಿತ್ತು.

ಇದಕ್ಕೆ ದೊಡ್ಡ ಡಿಸ್ಕ್ ಹಾಕೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಚಕ್ರದ ಜೊತೆ ಮೇಲೆ ಕೆಳಗೆ ಕುಣಿಯುವ ತೂಕ ಹೆಚ್ಚಿದಷ್ಟೂ ಹಗುರ ಕಾರು ಒರಟಾಗುತ್ತದೆ. ಮೇಲಿನ ದೇಹವೇ ಹಗುರವಾಗಿರುವುದರಿಂದ ಚಕ್ರದ ಒದೆತವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಬದಲಿಗೆ ಸಸ್ಪೆನ್ಷನ್ನಿನ ಕೆಳತೋಳಿಗೆ ಒಂದು ಚಿಕ್ಕ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಸಿ ಕೂರಿಸಿ, ಕಾರಿನ ಅಡಿಯ ಗಾಳಿಯನ್ನು ಡಿಸ್ಕಿನ ನಡುಭಾಗಕ್ಕೆ ತಿರುಗಿಸಿದೆವು. ಪ್ಯಾಡಿಗೂ ಪಿಸ್ಟನ್ನಿಗೂ ನಡುವೆ ಶಾಖ ತಡೆಯುವ ತೆಳ್ಳನೆಯ ಉಕ್ಕಿನ ಬಿಲ್ಲೆ ಇಟ್ಟೆವು. ಎರಡೂ ಸೇರಿ ಒಂದು ಚಕ್ರಕ್ಕೆ ಬಿದ್ದ ತೂಕ ಕಾಲು ಕಿಲೋ ಕೂಡ ಇರಲಿಲ್ಲ. ಅದೇ ಹಳೆಯ ದ್ರವದಲ್ಲಿ ಹದಿನೈದು ಲ್ಯಾಪ್ ಓಡಿಸಿದೆ, ಪೆಡಲ್ ತನ್ನ ಜಾಗದಲ್ಲೇ ಇತ್ತು. ಅಂದಿನಿಂದ ನಮ್ಮಲ್ಲಿ ಟ್ರ್ಯಾಕ್ ಪರೀಕ್ಷೆಗೆ ಕಾರು ಸಿದ್ಧಪಡಿಸುವ ಪದ್ಧತಿಯೇ ಬದಲಾಯಿತು: ಅರ್ಧ ಸವೆದ ಪ್ಯಾಡ್, ವರ್ಷದ ಹಳೆಯ ದ್ರವ, ಕಾಲು ಟ್ಯಾಂಕ್ ಪೆಟ್ರೋಲ್. ಮಾಲೀಕರು ತರುವ ಕಾರು ಹೀಗೆಯೇ ಇರುತ್ತದೆ.

ಆ ಕಾಲು ಟ್ಯಾಂಕಿನಿಂದ ಇನ್ನೊಂದು ದೋಷವೂ ಹೊರಬಿತ್ತು. ಉದ್ದನೆಯ ಬಲತಿರುವಿನಲ್ಲಿ ಪೆಟ್ರೋಲೆಲ್ಲ ಟ್ಯಾಂಕಿನ ಎಡಗೋಡೆಗೆ ಒತ್ತಿಕೊಂಡು, ಹೀರುವ ಕೊಳವೆಯ ಬಾಯಿ ಬರಿದಾಗಿ, ತಿರುವಿನ ಕೊನೆಯಲ್ಲಿ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ಆಗುತ್ತಿತ್ತು. ಟ್ಯಾಂಕಿನೊಳಗೆ ಅಡ್ಡಗೋಡೆ ಕೊಟ್ಟ ಮೇಲೆ ಅದು ನಿಂತಿತು.

ಹಿಂಬದಿಯ ಹಿಡಿತದ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಎಂಜಿನ್ ನಡುವಿನಲ್ಲಿರುವ ಕಾರು ಬೇಗ ತಿರುಗುತ್ತದೆ, ಅಷ್ಟೇ ಬೇಗ ಸುತ್ತಿಬೀಳುತ್ತದೆ. ನಾನು ಮೊದಲು ಮಾಡಿಕೊಂಡಿದ್ದ ಹೊಂದಾಣಿಕೆಯಲ್ಲಿ ಹಿಂಬದಿ ಸ್ವಲ್ಪ ಸಡಿಲವಾಗಿತ್ತು. ತಿರುವಿನೊಳಕ್ಕೆ ಬ್ರೇಕ್ ಹಿಡಿದೇ ಇಳಿದರೆ ಮೂತಿ ತಾನಾಗಿ ಒಳಗೆ ತಿರುಗುತ್ತಿತ್ತು, ಲ್ಯಾಪಿನ ಸಮಯವೂ ಚೆನ್ನಾಗಿತ್ತು. ಆದರೆ ಕಾರಿಗೆ ಹೊಸಬರು ವೇಗದ ತಿರುವಿನ ನಡುವೆ ಹೆದರಿದಾಗ ಮಾಡುವ ಮೊದಲ ಕೆಲಸ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಕಾಲು ತೆಗೆದೊಡನೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಇದನ್ನು ಅಳೆಯುವುದಕ್ಕೆಂದೇ ಐಎಸ್‌ಒ 9816 ಎಂಬ ಪರೀಕ್ಷಾ ವಿಧಾನವಿದೆ: ವೃತ್ತದಲ್ಲಿ ಒಂದೇ ವೇಗದಲ್ಲಿ ಓಡುತ್ತಿರುವಾಗ ತಟ್ಟನೆ ಕಾಲು ತೆಗೆದು, ಸ್ಟಿಯರಿಂಗನ್ನು ಅಲುಗಿಸದೆ ಹಿಡಿದು, ಕಾರು ಎಷ್ಟು ವೇಗವಾಗಿ ಒಳಗೆ ತಿರುಗುತ್ತದೆ ಎಂದು ದಾಖಲಿಸುವುದು. ಪಕ್ಕದಲ್ಲಿ ಚೀಲ ಕಟ್ಟಿಕೊಂಡು, ನೆಲ ಒದ್ದೆ ಮಾಡಿ ಈ ಪರೀಕ್ಷೆ ಮಾಡಿದಾಗ, ಆರು ಸಲದಲ್ಲಿ ಎರಡು ಸಲ ನಾನೇ ಸ್ಟಿಯರಿಂಗ್ ತಿರುಗಿಸಿ ಕಾರನ್ನು ಹಿಡಿಯಬೇಕಾಯಿತು. ಹಿಂದಿನ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಕೋನವನ್ನು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿಸಿ, ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಮುಂದಿನ ಆ್ಯಂಟಿ ರೋಲ್ ಬಾರನ್ನು ಒಂದು ಹಂತ ಗಟ್ಟಿ ಮಾಡಿದೆವು. ಕಾರು ಕಾಲು ತೆಗೆದಾಗ ಒಳಗೆ ವಾಲಿ, ತಾನೇ ನಿಂತುಕೊಳ್ಳತೊಡಗಿತು. ಒಂದು ಲ್ಯಾಪಿಗೆ 0.4 ಸೆಕೆಂಡ್ ಕಳೆದುಕೊಂಡೆವು.

ಆ 0.4 ಸೆಕೆಂಡಿಗಾಗಿ ಕಚೇರಿಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಪತ್ರಿಕೆಗಳು ಲ್ಯಾಪ್ ಸಮಯವನ್ನೇ ಬರೆಯುತ್ತವೆ ಎಂಬ ಮಾತಿನಲ್ಲಿ ಸತ್ಯವಿತ್ತು. ಹಿಂಬದಿ ಸಡಿಲವಿರುವ ಹೊಂದಾಣಿಕೆಯ ಅಳತೆಗಳನ್ನು ಕೇಳಿದವರಿಗೆ ಬರಹದಲ್ಲಿ ಕೊಡೋಣ, ಕಾರ್ಖಾನೆಯಿಂದ ಹೊರಡುವ ಕಾರು ಮಾತ್ರ ಹಿಡಿತದ್ದೇ ಇರಲಿ ಎಂದು ನಾನು ಹೇಳಿದ್ದಕ್ಕೆ ಕೊನೆಗೆ ಎಲ್ಲರೂ ಒಪ್ಪಿದರು.

ಟೈರಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಭಾರದ ಕಾರಿಗೆ ಹೇಳಿಮಾಡಿಸಿದ ಅಂಟುಗುಣದ ಟೈರ್ ಹಗುರ ಕಾರಿನಲ್ಲಿ ಕಾವೇರುವುದೇ ಇಲ್ಲ. ಓಡಿಸಿ ಬಂದ ತಕ್ಷಣ ರಬ್ಬರಿಗೆ ಸೂಜಿ ಚುಚ್ಚಿ ಒಳ ಅಂಚು, ನಡು, ಹೊರ ಅಂಚುಗಳ ಶಾಖ ಅಳೆದಾಗ, ಅಂಥ ಟೈರಿನ ಮೂರೂ ಅಂಕಿಗಳು ನಾಲ್ಕನೆಯ ಲ್ಯಾಪಿನಲ್ಲೂ ಬೇಕಾದಷ್ಟು ಏರಿರಲಿಲ್ಲ. ಒಂದು ದರ್ಜೆ ಕಡಿಮೆ ಅಂಟಿನ, ಪಕ್ಕದ ಗೋಡೆ ಮೆತ್ತಗಿರುವ ಟೈರ್ ಆರಿಸಿಕೊಂಡೆವು. ಮಳೆಯಲ್ಲಿ ಮನೆಗೆ ಹಿಂತಿರುಗುವ ದಾರಿಗೂ ಅದೇ ಸುರಕ್ಷಿತ.

ಕಾರು ಒಂದು ಹದಕ್ಕೆ ಬಂದ ಮೇಲೆ, ಕಾದಿರಿಸಿದವರಲ್ಲಿ ಎಂಟು ಜನರನ್ನು ಒಂದು ದಿನದ ಮಟ್ಟಿಗೆ ಟ್ರ್ಯಾಕಿಗೆ ಕರೆದೆವು. ಬೆಳಗ್ಗೆ ಮಳೆ ಬಂದು ನಿಂತಿತ್ತು, ಅಲ್ಲಲ್ಲಿ ನೆಲ ಒದ್ದೆಯಿತ್ತು. ಹಿಂದೆಂದೂ ಟ್ರ್ಯಾಕಿನಲ್ಲಿ ಓಡಿಸದ ಒಬ್ಬ ಮಹಿಳೆಯ ಪಕ್ಕದಲ್ಲಿ ನಾನು ಕುಳಿತಿದ್ದೆ. ಮೂರನೆಯ ಲ್ಯಾಪಿನ ವೇಗದ ಬಲತಿರುವಿನಲ್ಲಿ ಮುಂದೆ ಒದ್ದೆ ಕಲೆ ಕಂಡೊಡನೆ ಅವರು ಕಾಲು ತೆಗೆದರು. ಹಿಂಬದಿ ಒಂದು ಗೇಣಿನಷ್ಟು ಹೊರಗೆ ಸರಿಯಿತು, ಅವರ ಬೆರಳುಗಳು ಚಕ್ರದ ಮೇಲೆ ಬಿಗಿಯಾದವು, ಕಾರು ಮತ್ತೆ ಸಾಲಿಗೆ ಬಂತು. ನೇರದಾರಿಗೆ ಬಂದ ಮೇಲೆ ಅವರು ಕೇಳಿದರು, "ಕಾಲು ತೆಗೆದದ್ದು ತಪ್ಪಾಯಿತು, ಅಲ್ಲವೇ?" "ತಪ್ಪಾಯಿತು," ಎಂದೆ, "ಆದರೆ ಸ್ಟಿಯರಿಂಗ್ ಹಾಗೇ ಹಿಡಿದುಕೊಂಡಿರಲ್ಲ, ಅದು ಸರಿಯಾಯಿತು. ಇನ್ನೊಂದು ಸುತ್ತು ಹೋಗೋಣ." ಅವರು ಇನ್ನೂ ಹನ್ನೊಂದು ಲ್ಯಾಪ್ ಓಡಿಸಿದರು.

ಸಂಜೆ ಎಂಟೂ ಜನರ ಮಾತುಗಳನ್ನು ಬರೆದುಕೊಂಡೆ. ಲ್ಯಾಪ್ ಸಮಯ ಎಷ್ಟೆಂದು ಕೇಳಿದವರು ಒಬ್ಬರೇ. ಅಗಲವಾದ ಹೊಸ್ತಿಲನ್ನು ದಾಟಿ ಕಾರಿಗೆ ಇಳಿಯುವಾಗ ಕೈಯೂರಲು ಜಾಗವಿಲ್ಲ ಎಂದು ಐದು ಜನ ಹೇಳಿದರು. ಬ್ರೇಕ್ ತುಳಿಯುತ್ತಲೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟುವುದಕ್ಕೆ ಪೆಡಲುಗಳ ನಡುವಿನ ಅಂತರ ಹೆಚ್ಚಾಯಿತು ಎಂದು ಇಬ್ಬರು ತೋರಿಸಿಕೊಟ್ಟರು. ಅವರು ಹೇಳಿದ್ದು ನಿಜವಾಗಿತ್ತು, ಎಂಟು ಮಿಲಿಮೀಟರ್ ಸರಿಸಿದೆವು. ಟ್ರ್ಯಾಕಿನ ಶಬ್ದಮಿತಿಯ ಬಗ್ಗೆ ಒಬ್ಬರು ಕೇಳಿದ ಪ್ರಶ್ನೆ ನನ್ನನ್ನು ಎಚ್ಚರಿಸಿತು. ಹಲವು ಟ್ರ್ಯಾಕುಗಳಲ್ಲಿ ನಿಂತ ಕಾರಿನ ಹೊಗೆಕೊಳವೆಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೈಕ್ ಹಿಡಿದು, ಎಂಜಿನ್ನಿನ ಗರಿಷ್ಠ ಸುತ್ತಿನ ಮುಕ್ಕಾಲು ಭಾಗದಲ್ಲಿ ಶಬ್ದ ಅಳೆಯುತ್ತಾರೆ. ಮಿತಿ ಮೀರಿದರೆ ಒಂದು ಲ್ಯಾಪ್ ಕೂಡ ಓಡಿಸದೆ ವಾಪಸ್ ಹೋಗಬೇಕಾಗುತ್ತದೆ. ನಾವು ರಸ್ತೆಯ ನಿಯಮಕ್ಕೆ ಸರಿಹೊಂದಿಸಿದ್ದೆವೇ ಹೊರತು ಹೀಗೆ ಅಳೆದಿರಲಿಲ್ಲ. ಮರುದಿನ ಅಳೆದೆವು, ಸೈಲೆನ್ಸರಿನ ಒಳಕೊಳವೆಯನ್ನು ಬದಲಿಸಬೇಕಾಯಿತು.

ಮೊದಲು ಮಾರಾಟವಾದ ಕಾರು ಹೋದ ತಿಂಗಳು ಸರ್ವಿಸಿಗೆ ಬಂದಿತ್ತು. ಮಾಲೀಕರು ಅದನ್ನು ನಾಲ್ಕು ದಿನ ಟ್ರ್ಯಾಕಿನಲ್ಲಿ ಓಡಿಸಿದ್ದರು, ಬ್ರೇಕ್ ದ್ರವವನ್ನು ಒಮ್ಮೆಯೂ ಬದಲಿಸಿರಲಿಲ್ಲ. ಕಾರನ್ನು ಎತ್ತಿ ನಿಲ್ಲಿಸಿ ನೋಡಿದೆ: ಗಾಳಿ ತಿರುಗಿಸುವ ಎಡಬದಿಯ ಹಾಳೆ ಕಲ್ಲು ಬಡಿದು ಅಂಚಿನಲ್ಲಿ ಸೀಳಿತ್ತು, ಪ್ಯಾಡುಗಳು ಎರಡೂ ಕಡೆ ಸಮನಾಗಿ ಸವೆದಿದ್ದವು. ಪೆಡಲನ್ನು ಕೈಯಿಂದ ಒತ್ತಿದೆ, ಗಟ್ಟಿಯಾಗಿತ್ತು. ಆ ಹಾಳೆಯನ್ನು ಒಂದು ಮಿಲಿಮೀಟರ್ ದಪ್ಪ ಮಾಡಿ ಅಚ್ಚು ತೆಗೆಸಲು ಹೇಳಿದ್ದೇನೆ. ಒಂದೊಂದಕ್ಕೂ 30 ಗ್ರಾಂ ಹೆಚ್ಚಾಗುತ್ತದೆ.