ಶೆಲ್ಫ್ ಜೋಡಿಸುವಾಗ ಇಷ್ಟು ಗಮನಿಸಿ
ಅಂಗಡಿ ಇಟ್ಟಿರುವವರಿಗೆ ಒಂದು ಮಾತು. ಮರ್ಚಂಡೈಸಿಂಗ್ ಅಂದರೆ ಸುಮ್ನೆ ಚೆಂದ ಕಾಣುವಂತೆ ಜೋಡಿಸುವುದಲ್ಲ. ಯಾವ ಮಾಲು, ಎಷ್ಟು, ಎಲ್ಲಿ, ಯಾವ ಬೆಲೆಗೆ ಇಡಬೇಕು ಅನ್ನುವುದೆಲ್ಲ ಅದರಲ್ಲೇ ಬರುತ್ತದೆ.

ಕಣ್ಣಿನ ಮಟ್ಟದ ಸಾಲಿನಲ್ಲಿ ಲಾಭ ಜಾಸ್ತಿ ಇರುವ ಮಾಲು ಇಡಿ. ಜನ ಹೇಗಿದ್ದರೂ ಹುಡುಕಿಕೊಂಡು ಬರುವುದು ಕೆಳಗಿರಲಿ, ಬಗ್ಗಿ ತಗೊಳ್ಳುತ್ತಾರೆ. ಆಟಿಕೆ ಮಾತ್ರ ಮಕ್ಕಳ ಕಣ್ಣಿಗೆ ಬೀಳಬೇಕು, ಅಲ್ವಾ? ಟಾರ್ಚ್ ಪಕ್ಕದಲ್ಲೇ ಸೆಲ್ ನೇತುಹಾಕಿ.

ಹೊಸ ಸ್ಟಾಕ್ ಬಂದಾಗ ಹಳೆಯದನ್ನು ಮುಂದಕ್ಕೆಳೆದು, ಹೊಸದನ್ನು ಹಿಂದೆ ತುಂಬಿ. ಮುಂದಿನ ಸಾಲು ಖಾಲಿಯಾದಾಗೆಲ್ಲ ಹಿಂದಿನದನ್ನು ಅಂಚಿಗೆ ತಂದು, ಲೇಬಲ್ ಗಿರಾಕಿಯ ಕಡೆ ತಿರುಗಿಸಿ. ದಿನಾ ಇದೊಂದು ಮಾಡಿದರೂ ಅಂಗಡಿ ತುಂಬಿದಂತೆ ಕಾಣುತ್ತದೆ. ಬೆಲೆ ಚೀಟಿ ಆಯಾ ಮಾಲಿನ ಕೆಳಗೇ ಇರಲಿ. ಬೆಲೆ ಕಾಣದಿದ್ದರೆ ಎಷ್ಟೋ ಜನ ಕೇಳಲು ಸಂಕೋಚಪಟ್ಟು ಹಾಗೇ ವಾಪಸ್ ಇಟ್ಟು ಹೋಗುತ್ತಾರೆ.